ಮೊದಲ ಬಾವಿಯ ಹಗ್ಗ

ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಮ್ಯೂಸಿಯಂ ಹಿತ್ತಲಿನ ಹಳೆಯ ಬಾವಿಯ ಒಳಗೋಡೆ ಕುಸಿಯಿತು. ಗಾರೆ ಮೇಸ್ತ್ರಿ ಒಳಗಿದ್ದ.

ಬಾವಿ ಬತ್ತಿ ಬಹಳ ವರ್ಷವಾಗಿತ್ತು. ನಲವತ್ತು ಅಡಿ ಆಳ. ಮೇಲರ್ಧಕ್ಕೆ ಕಲ್ಲಿನ ಕಟ್ಟಡ, ಕೆಳಗೆ ಬರೀ ಮಣ್ಣು. ನೋಡಲು ಬಂದವರು ನಿರ್ಭಯವಾಗಿ ಬಗ್ಗಿ ನೋಡುವಂತಾಗಲಿ ಎಂದು, ಸಡಿಲಾದ ಕಲ್ಲುಗಳನ್ನು ಬಿಗಿ ಮಾಡುವ ಕೆಲಸವನ್ನು ಮೇಸ್ತ್ರಿಗೆ ವಹಿಸಿದ್ದರು. ಅವನು ಇಳಿದಿದ್ದ ಏಣಿಯೂ ಬುಟ್ಟಿ ಇಳಿಸುವ ಹಗ್ಗವೂ ಕಲ್ಲುಗಳ ಜೊತೆ ತಳ ಸೇರಿದವು. ಧೂಳು ಅಡಗಿದ ಮೇಲೆ ಮೇಲಿನವರಿಗೆ ಮೊದಲು ಕಂಡದ್ದು ಅವನು ತಲೆಗೆ ಸುತ್ತಿದ್ದ ಕೆಂಪು ಟವಲು.

"ಜೀವ ಇದೆಯೇನೋ?" ಎಂದು ಹಿಟ್ಟಿನ ಗಿರಣಿಯವನು ಕೂಗಿದ. ಗಿರಣಿ ಪಕ್ಕದಲ್ಲೇ ಇತ್ತು; ಸದ್ದು ಕೇಳಿ ಮೊದಲು ಓಡಿಬಂದವನು ಅವನೇ.

"ಜೀವ ಇದೆ. ಕಾಲು ಕಲ್ಲಿನ ಕೆಳಗಿದೆ. ಬೇಗ ಏನಾದ್ರೂ ಮಾಡ್ರೋ."

ಅಗ್ನಿಶಾಮಕ ಠಾಣೆ ಪಕ್ಕದ ಊರಿನಲ್ಲಿತ್ತು. ಫೋನ್ ಎತ್ತಿದವರು ಮುಕ್ಕಾಲು ಗಂಟೆಯಾದರೂ ಬೇಕು ಎಂದರು. ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಕುಸಿದದ್ದು ಒಂದು ಬದಿ ಮಾತ್ರ. ಎದುರಿನ ಬದಿಯ ಕಲ್ಲುಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ಅವುಗಳ ಸಂದಿಯಿಂದ ಮಣ್ಣು ಸಣ್ಣಗೆ, ಬಿಡದೆ, ಮೇಸ್ತ್ರಿಯ ಮೇಲೆ ಸುರಿಯುತ್ತಿತ್ತು.

ಊರಿನಲ್ಲಿ ಈಗ ಎಲ್ಲ ಮನೆಗೂ ನಲ್ಲಿ. ನಲವತ್ತಡಿ ಇಳಿಸಬಲ್ಲ, ಮನುಷ್ಯನ ಭಾರ ತಡೆಯಬಲ್ಲ ಹಗ್ಗ ಯಾರ ಮನೆಯಲ್ಲೂ ಇರಲಿಲ್ಲ. ಒಬ್ಬ ಬಟ್ಟೆ ಒಣಹಾಕುವ ಹಗ್ಗ ತಂದ. ಗಿರಣಿಯವನು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದರಲ್ಲಿ ಅವನ ಲುಂಗಿ ಮೇಲೆ ಬರುತ್ತೆ, ಅವನು ಬರಲ್ಲ" ಎಂದು ಎಸೆದ. ಮರುಕ್ಷಣವೇ, "ನಾವೆಂಥ ಪೆದ್ದರು! ಹಗ್ಗ ಒಳಗೇ ಇದೆಯಲ್ಲ!" ಎಂದು ಮ್ಯೂಸಿಯಂ ಕಡೆ ಕೈ ತೋರಿಸಿದ.

ಯಾವ ಹಗ್ಗ ಎಂದು ಯಾರೂ ಕೇಳಲಿಲ್ಲ.

ಅದು ಮೊದಲ ಬಾವಿಯ ಹಗ್ಗ. ಈ ಊರು ಮುಳ್ಳುಪೊದೆಯ ಬಯಲಾಗಿದ್ದಾಗ ಒಂದು ಲಾರಿಯಲ್ಲಿ ಬಂದಿಳಿದ ಕುಟುಂಬಗಳು ಮೊದಲು ತೋಡಿದ್ದು ಈ ಬಾವಿಯನ್ನು. ಮೂರು ದಿಮ್ಮಿಗಳ ಮುಕ್ಕಾಲಿ ನಿಲ್ಲಿಸಿ, ಅದಕ್ಕೆ ರಾಟೆ ಕಟ್ಟಿ, ಕತ್ತಾಳೆ ನಾರಿನ ಹಗ್ಗದಲ್ಲಿ ಗಂಡಸರನ್ನು ಕೆಳಗಿಳಿಸಿ, ಮಣ್ಣನ್ನು ಮೇಲೆತ್ತಿದ್ದರು. ಹಗ್ಗ ಎಳೆಯುವ ಕೆಲಸ ಹೆಂಗಸರದ್ದು. ಎಳೆದವರಲ್ಲಿ ಈಗ ಬದುಕಿ ಉಳಿದವರು ಒಬ್ಬರೇ. ಅವರನ್ನು ಊರು ಹಗ್ಗದ ಅಜ್ಜಿ ಎಂದು ಕರೆಯುತ್ತಿತ್ತು.

ಎರಡನೇ ತಲೆಮಾರಿನವರು ಹಳೆಯ ಗುದ್ದಲಿ, ಲಾಂದ್ರ, ಬೀಸುಕಲ್ಲುಗಳನ್ನು ಗುಜರಿಗೆ ಹಾಕತೊಡಗಿದಾಗ ಅಜ್ಜಿ ಮತ್ತು ಮೊದಲ ಶಾಲೆಯ ಹೆಡ್‌ಮಾಸ್ತರರು ಮನೆಮನೆ ತಿರುಗಿ ಅವನ್ನೆಲ್ಲ ಕೂಡಿಹಾಕಿದರು. ಮ್ಯೂಸಿಯಂ ಹುಟ್ಟಿದ್ದು ಹಾಗೆ. ಹೆಡ್‌ಮಾಸ್ತರರು ತೀರಿಕೊಂಡ ಮೇಲೆ ಅಧ್ಯಕ್ಷರು ಅಜ್ಜಿಯೇ. ಶಾಲೆಯ ಮಕ್ಕಳು ಬಂದಾಗಲೆಲ್ಲ ಅವರು ಮುಕ್ಕಾಲಿಯ ಪಕ್ಕ ನಿಂತು, ಹಗ್ಗ ತೋರಿಸಿ, "ಆನೆ ಕಟ್ಟಿದ್ರೂ ಹರಿಯಲ್ಲ. ಇಂಥ ಹಗ್ಗ ಈಗ ದುಡ್ಡು ಸುರಿದ್ರೂ ಸಿಗಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿ ಬೆಳೆದ ಮಕ್ಕಳು ಈಗ ಮೀಸೆ ಹೊತ್ತು ಬಾವಿಯ ಸುತ್ತ ನಿಂತಿದ್ದರು.

ಗಿರಣಿಯವನೂ ನಾಲ್ಕು ಜನರೂ ಮುಂದಿನ ಹಾಲ್‌ಗೆ ನುಗ್ಗಿದಾಗ ಅಜ್ಜಿ ಕೋಲೂರಿಕೊಂಡು ಹಿತ್ತಲಿಗೆ ಹೊರಟಿದ್ದರು. ಸೊಸೆ ಅವರ ತೋಳು ಹಿಡಿದಿದ್ದಳು. ಮ್ಯೂಸಿಯಂ ನೋಡಿಕೊಳ್ಳುವ ಸಂಬಳದ ಕೆಲಸ ಅವಳದು.

"ಅಜ್ಜಿ, ಹಗ್ಗ ತಗೋತೀವಿ. ಮುಕ್ಕಾಲಿ, ರಾಟೆ, ಎಲ್ಲ ಬೇಕು."

"ಮುಕ್ಕಾಲಿ ತಗೊಳ್ಳಿ. ರಾಟೆ ತಗೊಳ್ಳಿ, ಅಚ್ಚಿಗೆ ಎಣ್ಣೆ ಬಿಡಿ," ಎಂದರು ಅಜ್ಜಿ. "ಹಗ್ಗ ಬೇಡ."

"ಯಾಕೆ?"

ಅಜ್ಜಿ ಒಮ್ಮೆ ಸೊಸೆಯ ಮುಖ ನೋಡಿದರು. "ಹಳೇದು. ಬೇಡ ಅಂದ್ರೆ ಬೇಡ."

ಹಗ್ಗ ಹಳೆಯದಾಗಿರಲಿಲ್ಲ. ಮೂರು ಮಳೆಗಾಲದ ಹಿಂದೆ ಹಾಲ್‌ನ ಸೂರು ಸೋರಿ, ಅಸಲಿ ಹಗ್ಗಕ್ಕೆ ಗೆದ್ದಲು ಹತ್ತಿತ್ತು. ಮುಟ್ಟಿದರೆ ಹೊಟ್ಟಿನಂತೆ ಉದುರುತ್ತಿದ್ದುದನ್ನು ಅತ್ತೆ-ಸೊಸೆ ಇಬ್ಬರೇ ಸೇರಿ ಹಿತ್ತಲಲ್ಲಿ ಸುಟ್ಟಿದ್ದರು. ನಾಟಕಗಳಿಗೆ ಸಾಮಾನು ಮಾಡಿಕೊಡುವ ಒಬ್ಬನಿಂದ ಅದೇ ದಪ್ಪದ, ಅದೇ ಬಣ್ಣದ ಇನ್ನೊಂದನ್ನು ಮಾಡಿಸಿ ತಂದರು. ಒಳಗೆ ಬಟ್ಟೆಯ ಚಿಂದಿ, ಮೇಲೆ ತೆಳುವಾಗಿ ಸುತ್ತಿದ ಸೆಣಬು, ಅದರ ಮೇಲೆ ಗೋಂದು ಮತ್ತು ಕಂದು ಬಣ್ಣ. ನಕಲು ಎಂದು ಬೋರ್ಡ್ ಬದಲಿಸೋಣವೇ ಎಂದು ಸೊಸೆ ಕೇಳಿದ್ದಳು. "ಮಕ್ಕಳಿಗೆ ಹೇಳೋದು ಬಾವಿ ಕಥೆ ತಾನೆ? ಕಥೆ ಅಸಲಿಯೇ. ಬೋರ್ಡ್ ಇರಲಿ" ಎಂದಿದ್ದರು ಅಜ್ಜಿ. ಮರುವರ್ಷ ಇಲಾಖೆಯವರು ಸಹಾಯಧನದ ವಿಚಾರಣೆಗೆ ಬಂದಾಗ ಎಲ್ಲ ವಸ್ತುಗಳೂ ಅಸಲಿ ಎಂದು ಅವರ ಮುಂದೆ ನಿಂತು ಹೇಳಿದವಳು ಸೊಸೆ. ಅವಳ ಸಂಬಳ ಬರುತ್ತಿದ್ದುದು ಆ ಸಹಾಯಧನದಿಂದ.

ಅಷ್ಟರಲ್ಲಿ ಗಿರಣಿಯವನು ಮುಕ್ಕಾಲಿಯಿಂದ ಹಗ್ಗ ಬಿಚ್ಚತೊಡಗಿದ್ದ.

"ಹಳೇದಾದ್ರೇನು? ನಮ್ಮಪ್ಪ ಇದರಲ್ಲೇ ಇಳಿದಿದ್ದು. ಈಗ ನಾನು ಇಳೀತೀನಿ."

"ಇಳೀಬೇಡ. ಅದು ಆ ಹಗ್ಗ ಅಲ್ಲ," ಎಂದರು ಅಜ್ಜಿ.

ಅವನು ಕೈ ನಿಲ್ಲಿಸಿದ. "ಈಗ ತಾನೆ ಹಳೇದು ಅಂದ್ರಿ?"

"ಸುಳ್ಳು ಹೇಳಿದೆ. ಅದು ತೋರಿಸೋಕೆ ಮಾಡಿಸಿದ್ದು. ಭಾರ ತಡೆಯಲ್ಲ."

ಗಿರಣಿಯವನು ಜೊತೆಗಿದ್ದವರ ಕಡೆ ತಿರುಗಿ ಒಣ ನಗೆ ನಕ್ಕ. "ಕೇಳಿದ್ರಾ? ಒಂದು ನಿಮಿಷದ ಹಿಂದೆ ಹಳೇದು, ಈಗ ನಕಲಿ. ಇನ್ನೊಂದು ನಿಮಿಷ ನಿಂತ್ರೆ ಹಾವು ಅಂತಾರೆ. ಎತ್ಕೊಂಡು ನಡೀರಿ."

ತಪ್ಪು ಎಲ್ಲಾಯಿತೆಂದು ಅಜ್ಜಿಗೆ ಆಗಲೇ ಗೊತ್ತಾಯಿತು. ಮೊದಲು ಕೊಟ್ಟ ಕಾರಣವೇ ಈಗ ನಿಜವನ್ನು ಹಾಳು ಮಾಡಿತ್ತು. ಮ್ಯೂಸಿಯಂ ಸಾಮಾನಿನ ವಿಷಯದಲ್ಲಿ ಅಜ್ಜಿಯ ಜಿಪುಣತನ ಊರಿಗೇ ಗೊತ್ತು. ಮದುವೆಯ ಫೋಟೋಗೆಂದು ಹಳೆಯ ಗಾಡಿಯ ಒಂದು ಚಕ್ರ ಕೇಳಿದವರನ್ನೂ ಅವರು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದುಂಟು.

"ನೀನಾದ್ರೂ ಹೇಳೇ," ಎಂದು ಅವರು ಸೊಸೆಯ ಕಡೆ ತಿರುಗಿದರು.

ಎಲ್ಲರೂ ಸೊಸೆಯನ್ನು ನೋಡಿದರು. "ನನಗೆ... ನನಗೆ ಸರಿಯಾಗಿ ಗೊತ್ತಿಲ್ಲ ಅತ್ತೆ," ಎಂದಳು.

ಗಿರಣಿಯವನಿಗೆ ಅಷ್ಟು ಸಾಕಾಯಿತು. ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊರಟ. ಉಳಿದವರು ದಿಮ್ಮಿಗಳನ್ನೂ ರಾಟೆಯನ್ನೂ ಹೊತ್ತರು.

ಹಾಲ್‌ನಲ್ಲಿ ಅತ್ತೆ-ಸೊಸೆ ಇಬ್ಬರೇ ಉಳಿದರು. ಅಜ್ಜಿ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ.

"ನಿನ್ನ ಕೆಲಸದ ಪಂಚಾಯ್ತಿ ಆಮೇಲೆ ಮಾಡೋಣ. ಈಗ ದೊಡ್ಡ ರಸ್ತೆಗೆ ಓಡು. ಟಾರ್ಪಾಲು ಕಟ್ಟಿರೋ ಲಾರಿ ಯಾವುದು ಬಂದ್ರೂ ಅಡ್ಡ ನಿಲ್ಲು. ಲೋಡ್ ಕಟ್ಟೋ ಹಗ್ಗ ಇರುತ್ತೆ. ಹಗ್ಗ ಇಲ್ಲದೆ ವಾಪಸ್ ಬರಬೇಡ."

"ನೀವು, ಅತ್ತೆ?"

"ನಾನು ಅವರನ್ನ ತಡೀತೀನಿ. ಓಡು!"

ಸೊಸೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದಳು.

ಅಜ್ಜಿ ಹಿತ್ತಲಿಗೆ ಬರುವಷ್ಟರಲ್ಲಿ ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಮುಕ್ಕಾಲಿ ಎದ್ದು ನಿಂತಿತ್ತು. ರಾಟೆಗೆ ಹಗ್ಗ ಪೋಣಿಸಿ ಆಗಿತ್ತು. ಮುಕ್ಕಾಲಿಯನ್ನು ಬಾವಿಯ ಬಾಯಿಯ ಮೇಲೆ ಸರಿಸುವುದೊಂದೇ ಬಾಕಿ. ಗಿರಣಿಯವನು ಅಂಗಿ ಕಳಚಿ, ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಮೇಸ್ತ್ರಿಯ ಹೆಂಡತಿ ಬಂದಿದ್ದಳು. ಬಾವಿಯ ಅಂಚಿಗೆ ಹೋಗದಂತೆ ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡಿದ್ದರು.

ಕೆಳಗಿನಿಂದ ಮೇಸ್ತ್ರಿಯ ಧ್ವನಿ ಬಂತು. "ಹಗ್ಗ ತರೋಕೆ ಹೋದ್ರಾ, ಹೊಸೆಯೋಕೆ ಹೋದ್ರಾ?"

ಒಬ್ಬಿಬ್ಬರು ನಕ್ಕರು. ಅವನು ಮತ್ತೆ ಏನೋ ಹೇಳಲು ಹೋಗಿ ಕೆಮ್ಮಿದ. ಎದುರು ಬದಿಯಿಂದ ಒಂದು ಕಲ್ಲು ಕಳಚಿ ಬಿತ್ತು. ಅದರ ಸದ್ದು ಮೇಲೆ ಬಂದು ಮುಟ್ಟಿದಾಗ ನಗು ನಿಂತಿತು.

"ಇದ್ದೀಯಾ?" ಎಂದು ಹೆಂಡತಿ ಕಿರುಚಿದಳು.

"ಇದ್ದೀನಿ ಕಣೇ. ಪಕ್ಕಕ್ಕೆ ಬಿತ್ತು."

ಅಜ್ಜಿ ನೇರವಾಗಿ ಗಿರಣಿಯವನ ಎದುರು ಹೋಗಿ ಹಗ್ಗಕ್ಕೆ ಕೈ ಹಾಕಿದರು. "ಬಿಚ್ಚು."

"ಕೈ ಬಿಡಿ ಅಜ್ಜಿ."

"ನೀನು ಸಾಯ್ತೀಯ. ಅವನ ಮೇಲೆ ಬಿದ್ದು ಅವನನ್ನೂ ಸಾಯಿಸ್ತೀಯ."

ಮೇಸ್ತ್ರಿಯ ಹೆಂಡತಿ ಹಿಡಿದವರ ಕೈ ಕೊಸರಿಕೊಂಡು ಬಂದಳು. "ನಮ್ಮನೆಯವರಿಗಿಂತ ನಿಮ್ಮ ಹಗ್ಗ ಹೆಚ್ಚಾಯ್ತಾ? ಹರಿದ್ರೆ ಹರೀಲಿ! ಇನ್ನೊಂದು ತಂದು ನಿಮ್ಮ ಮುಕ್ಕಾಲಿಗೆ ಕಟ್ತೀನಿ. ಮನುಷ್ಯನ್ನ ಎಲ್ಲಿಂದ ತರಲಿ?"

ಗುಂಪಿನಿಂದ ಹೌದು ಹೌದು ಎಂಬ ಮಾತು ಬಂತು. ಯಾರೋ ಅಜ್ಜಿಯ ಭುಜ ಹಿಡಿದು ಪಕ್ಕಕ್ಕೆ ಸರಿಸಲು ನೋಡಿದರು. ಅಜ್ಜಿ ಸರಿಯಲಿಲ್ಲ. ಇನ್ನೊಂದು ಸಲ ನಕಲಿ ಎಂದರೆ ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವರು ಗಿರಣಿಯವನನ್ನು ಬೇರೆಯದೇ ಪ್ರಶ್ನೆ ಕೇಳಿದರು.

"ನಿಮ್ಮಪ್ಪ ದಿನಾ ಬೆಳಿಗ್ಗೆ ಇಳಿಯೋ ಮೊದಲು ಏನು ಮಾಡ್ತಿದ್ದ?"

ಅವನು ಹಗ್ಗ ಸುತ್ತಿಕೊಳ್ಳುತ್ತಲೇ ಇದ್ದ.

"ಹೇಳಪ್ಪ. ನಿಮ್ಮಪ್ಪನ ಹೆಸರು ಹೇಳಿಕೊಂಡು ಇಳೀತಿದ್ದೀಯಲ್ಲ."

"ಮೊದಲು ಕಲ್ಲು, ಆಮೇಲೆ ಆಳು," ಎಂದ ಅವನು, ಬೇಸರದಿಂದ.

ಅದು ಬಾವಿ ತೋಡಿದವರ ನಿಯಮ. ಮನುಷ್ಯನನ್ನು ಕಟ್ಟುವ ಮೊದಲು ಅವನ ತೂಕದ ಕಲ್ಲನ್ನು ಅದೇ ಹಗ್ಗಕ್ಕೆ ಕಟ್ಟಿ, ಎತ್ತಿ, ತೂಗುಬಿಡಬೇಕು. ಯಾರಿಗೆಷ್ಟೇ ಅವಸರವಿದ್ದರೂ ಒಂದು ದಿನವೂ ಅದು ತಪ್ಪಿರಲಿಲ್ಲ. ಆ ಬಾವಿಯಲ್ಲಿ ಯಾರೂ ಸತ್ತಿರಲಿಲ್ಲ ಎಂಬುದು ಊರಿನ ಹೆಮ್ಮೆ.

"ನಿನ್ನ ತೂಕ ಎಷ್ಟು?"

"ತೊಂಬತ್ತೆರಡು."

"ಮೇಸ್ತ್ರಿಯ ಸಿಮೆಂಟ್ ಮೂಟೆ ಅಲ್ಲಿವೆ. ಎರಡು ಕಟ್ಟು. ತಡೆದರೆ ನೀನು ಇಳಿ, ನಾನು ಬಾಯಿ ಮುಚ್ಕೋತೀನಿ."

"ಅಷ್ಟು ಹೊತ್ತಿಲ್ಲ!" ಎಂದಳು ಮೇಸ್ತ್ರಿಯ ಹೆಂಡತಿ.

"ಕಟ್ಟೋಕೆ ಎಷ್ಟು ಹೊತ್ತು? ಮಾತಾಡಿದ ಹೊತ್ತಲ್ಲಿ ಕಟ್ಟಿ ಆಗ್ತಿತ್ತು."

ಗಿರಣಿಯವನು ಸೊಂಟದ ಹಗ್ಗ ಬಿಚ್ಚಿದ. ಹಳೆಯ ಕುಟುಂಬಗಳಿಂದ ಬಂದವರು ಅಲ್ಲಿ ಇನ್ನೂ ಮೂವರು ನಾಲ್ವರು ಇದ್ದರು. ಅವರೇ ಮೂಟೆಗಳನ್ನು ಹೊತ್ತು ತಂದು ಅಡ್ಡ ಉದ್ದ ಬಿಗಿದು ಕಟ್ಟಿದರು. ಆರು ಜನ ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದರು.

ಮೂಟೆಗಳು ನೆಲ ಬಿಟ್ಟವು. ಮೊಣಕಾಲೆತ್ತರಕ್ಕೆ ಬಂದವು. ಸೊಂಟದೆತ್ತರಕ್ಕೆ ಬಂದವು. ರಾಟೆ ಕಿರುಗುಟ್ಟಿತು.

ಹಗ್ಗ ತಡೆಯಿತು.

"ನೋಡಿದ್ರಾ?" ಎಂದ ಗಿರಣಿಯವನು. ಅವನ ದನಿಯಲ್ಲಿ ಸಿಟ್ಟಿತ್ತು. "ಆಯ್ತಾ? ಇಳಿಸ್ರೋ. ಮುಕ್ಕಾಲಿ ಸರಿಸಿ."

ಚಿಂದಿ ತುಂಬಿದ ಹಗ್ಗ ಎರಡು ಮೂಟೆ ತಡೆದೀತು ಎಂದು ಅಜ್ಜಿ ಎಣಿಸಿರಲಿಲ್ಲ. ಮಾಡಿಕೊಟ್ಟವನು ಹೇಳಿದ್ದಕ್ಕಿಂತ ಗಟ್ಟಿಯಾಗಿ ಮಾಡಿದ್ದನೋ ಏನೋ. ಹಾಗಿದ್ದರೆ ತಾವೇ ಒಂದು ಜೀವಕ್ಕೆ ಅಡ್ಡ ನಿಂತಂತಾಯಿತು. ಮೇಸ್ತ್ರಿಯ ಹೆಂಡತಿ ತಮ್ಮನ್ನೇ ನೋಡುತ್ತಿದ್ದಾಳೆ ಎಂಬುದು ಅತ್ತ ತಿರುಗದೆಯೂ ಅವರಿಗೆ ತಿಳಿಯುತ್ತಿತ್ತು.

"ತೂಗಬೇಕು," ಎಂದರು. "ಎತ್ತಿದ್ದು ಅರ್ಧ. ತೂಗುಬಿಡಬೇಕು. ಬಾವಿಯೊಳಗೆ ಮನುಷ್ಯ ಸುಮ್ಮನೆ ನೇತಾಡ್ತಾನಾ? ಗೋಡೆಗೆ ಒದ್ದು ತಿರುಗ್ತಾನೆ."

"ಸಾಕು ಅಜ್ಜಿ!"

"ಒಂದೇ ಸಲ. ನೀನೇ ತಳ್ಳು."

ಗಿರಣಿಯವನು ಹಲ್ಲು ಕಚ್ಚಿ, ಎರಡೂ ಕೈಯಿಂದ ಮೂಟೆಗಳನ್ನು ಜೋರಾಗಿ ತಳ್ಳಿದ. ಅವು ಅತ್ತ ಹೋದವು. ಇತ್ತ ಬಂದವು. ಮತ್ತೆ ಅತ್ತ ಹೋಗುವಾಗ ರಾಟೆಯ ಹತ್ತಿರ ಹಗ್ಗದ ಮೇಲಿನ ಬಣ್ಣ ಒಡೆದು ಚಕ್ಕೆಚಕ್ಕೆಯಾಗಿ ಉದುರಿತು. ಸೆಣಬಿನ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಯಾರಿಗೂ ಕೂಗಲು ಬಿಡುವಾಗಲಿಲ್ಲ. ಮೂಟೆಗಳು ನೆಲಕ್ಕೆ ಬಡಿದು ಒಡೆದವು. ಎಳೆಯುತ್ತಿದ್ದ ಆರೂ ಜನ ಹಿಂದಕ್ಕೆ ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬಿದ್ದರು.

ಸಿಮೆಂಟಿನ ಧೂಳು ಕೆಳಗಿಳಿದಾಗ ಗಿರಣಿಯವನು ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣಕ್ಕೆ ತಿರುಗಿದ್ದ. ಅವನು ಬಗ್ಗಿ ಹಗ್ಗದ ತುದಿ ಎತ್ತಿಕೊಂಡ. ಅದರೊಳಗಿಂದ ಹೂವಿನ ಚಿತ್ರದ ಹಳೇ ಸೀರೆಯ ಚೂರೊಂದು ಹೊರಗೆ ಇಣುಕುತ್ತಿತ್ತು.

"ಅಯ್ಯೋ ಅಜ್ಜಿ," ಎಂದ. ಆಮೇಲೆ ಕಲ್ಲಿನ ರಾಶಿಯ ಮೇಲೆ ಕುಳಿತ.

"ಏನ್ರೋ ಅದು ಸದ್ದು?" ಎಂದಿತು ಬಾವಿ.

ಮೇಸ್ತ್ರಿಯ ಹೆಂಡತಿ ನೆಲದ ಮೇಲೆ ಕುಸಿದಳು. ಬಾವಿಯ ಬಾಯನ್ನೇ ನೋಡುತ್ತಿದ್ದಳು. ಅಜ್ಜಿ ರಸ್ತೆಯ ಕಡೆ ಕಿವಿಯಿಟ್ಟು ನಿಂತರು. ಒಂದು ಬೈಕು ಹೋಯಿತು. ಒಂದು ಬಸ್ಸು ಹೋಯಿತು. ಬಾವಿಯೊಳಗೆ ಮತ್ತೊಂದು ಕಲ್ಲು ಬಿತ್ತು. ಈ ಸಲ ಮೇಸ್ತ್ರಿ "ಅಮ್ಮಾ" ಎಂದ.

ಆಮೇಲೆ ಮ್ಯೂಸಿಯಂನ ಪಕ್ಕದ ಓಣಿಯಲ್ಲಿ ದೊಡ್ಡ ಹಾರ್ನ್ ಕೇಳಿಸಿತು. ಪ್ಲಾಸ್ಟಿಕ್ ಕುರ್ಚಿ ಹೇರಿಕೊಂಡ ಲಾರಿಯೊಂದು ಎರಡೂ ಬದಿಯ ಗೋಡೆಗೆ ಉಜ್ಜುವಷ್ಟು ಹತ್ತಿರದಿಂದ ಒಳಬರುತ್ತಿತ್ತು. ಸೊಸೆ ಡ್ರೈವರ್ ಪಕ್ಕದ ಬಾಗಿಲಿಗೆ ಜೋತುಬಿದ್ದಿದ್ದಳು.

"ಹಗ್ಗ ಬಿಚ್ಚಿದ್ರೆ ಕುರ್ಚಿಯೆಲ್ಲ ಬೀದಿಗೆ ಬೀಳುತ್ತಮ್ಮ," ಎನ್ನುತ್ತಿದ್ದ ಡ್ರೈವರ್. "ಮಾಲೀಕರಿಗೆ ನಾನೇನು ಹೇಳಲಿ?"

"ಬಿದ್ರೆ ಅದರ ಮೇಲೆ ಕೂತ್ಕೊಂಡು ಯೋಚನೆ ಮಾಡೋಣ, ಬಿಚ್ಚಿ ಅಣ್ಣ!"

ಬಾವಿಯ ಸುತ್ತ ನಿಂತವರ ಮುಖ ನೋಡಿದ ಮೇಲೆ ಡ್ರೈವರ್ ತಾನೇ ಮೇಲೆ ಹತ್ತಿ ಗಂಟು ಬಿಚ್ಚಿದ. ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ, ಎರಡೆಳೆ ಮಾಡಿದರೂ ಬಾವಿಯ ತಳ ಮುಟ್ಟುವಷ್ಟಿತ್ತು. ಕುರ್ಚಿಗಳು ದಡದಡನೆ ಓಣಿಗೆ ಉರುಳಿದವು.

ಸೊಸೆ ಹರಿದ ಹಗ್ಗವನ್ನೂ ಒಡೆದ ಮೂಟೆಗಳನ್ನೂ ನೋಡಿದಳು. ಬರಿಗಾಲಿನಲ್ಲಿ ರಕ್ತ ಬರುತ್ತಿತ್ತು. "ನನಗೆ ಗೊತ್ತಿತ್ತು," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅತ್ತೆ ಹೇಳಿದ್ದು ನಿಜ. ನನಗೆ ಮೊದಲೇ ಗೊತ್ತಿತ್ತು." ಆ ಹೊತ್ತಿನಲ್ಲಿ ಅದನ್ನು ಕೇಳಿಸಿಕೊಂಡವರು ಕಡಿಮೆ.

ಹೊಸ ಹಗ್ಗಕ್ಕೂ ಎರಡು ಮೂಟೆ ಕಟ್ಟಿದರು. ಈ ಸಲ ಅಜ್ಜಿ ಹೇಳಬೇಕಾಗಲಿಲ್ಲ. ಎತ್ತಿದರು, ಎರಡು ಸಲ ತೂಗಿದರು. ನೈಲಾನ್ ಸ್ವಲ್ಪ ಹಿಗ್ಗಿತು, ಹರಿಯಲಿಲ್ಲ. ಬಾವಿಯ ಅಂಚಿನಿಂದ ತುಸು ಹಿಂದಕ್ಕೆ ಸುತ್ತಲೂ ಹಲಗೆಗಳನ್ನು ಹಾಸಿ, ಮುಕ್ಕಾಲಿಯನ್ನು ಬಾವಿಯ ಬಾಯಿಯ ಮೇಲೆ ತಂದು, ಆ ಹಲಗೆಗಳ ಮೇಲೆ ಅದರ ಕಾಲೂರಿದರು.

"ಬೇರೆ ಯಾರಾದ್ರೂ ಇಳೀತೀರಾ?" ಎಂದು ಅಜ್ಜಿ ಕೇಳಿದರು. "ಇವನ ಕೈ ನಡುಗ್ತಿದೆ."

"ನಡುಗಲಿ," ಎಂದು ಗಿರಣಿಯವನು ಎದ್ದ. ಹಗ್ಗವನ್ನು ಎರಡು ತೊಡೆಗೂ ಸೊಂಟಕ್ಕೂ ಸುತ್ತಿ ಅಜ್ಜಿಯೇ ಗಂಟು ಹಾಕಿದರು. ಅವರ ಬೆರಳು ಸೊಟ್ಟಗಾಗಿದ್ದವು, ಗಂಟು ನೇರವಾಗಿತ್ತು. ಅವನು ಕಬ್ಬಿಣದ ಹಾರೆಯೊಂದನ್ನು ಕೈಯಲ್ಲಿ ಹಿಡಿದು ಇಳಿದ.

ಮೇಲಿನವರು ಮೊಳ ಮೊಳವಾಗಿ ಹಗ್ಗ ಬಿಟ್ಟರು. ಅಜ್ಜಿ ಮುಕ್ಕಾಲಿಯ ಒಂದು ಕಾಲಿಗೆ ಅಂಗೈ ಒತ್ತಿ, ಅದು ಅಲುಗುತ್ತದೆಯೇ ಎಂದು ನೋಡುತ್ತಿದ್ದರು. ತಳದಲ್ಲಿ ಹಾರೆ ಕಲ್ಲಿಗೆ ಬಡಿಯುವ ಸದ್ದು, ಮೇಸ್ತ್ರಿಯ ಕೂಗು, ಗಿರಣಿಯವನ ಬೈಗುಳ. "ಅಲುಗಬೇಡ ಅಂದ್ನಲ್ಲ, ಸುಮ್ಮನಿರೋ... ಇನ್ನೊಂದು ಚೂರು... ಬಂತು." ಮೊದಲು ಮೇಸ್ತ್ರಿಯನ್ನು ಕಟ್ಟಿ ಕಳಿಸಿದ. ಮೇಸ್ತ್ರಿ ಅರ್ಧಕ್ಕೆ ಬಂದಾಗ ಉಬ್ಬಿದ ಬದಿಯಿಂದ ಒಂದು ಸಾಲು ಕಲ್ಲು ಜಾರಿತು. "ಎಳೀರಿ, ನನ್ನ ನೋಡಬೇಡಿ!" ಎಂದು ಕೆಳಗಿನಿಂದ ಗಿರಣಿಯವನು ಕಿರುಚಿದ. ಅವರು ಎಳೆದರು. ಮೇಸ್ತ್ರಿಯನ್ನು ನೆಲದ ಮೇಲೆ ಮಲಗಿಸಿ, ಗಂಟು ಬಿಚ್ಚಿ, ಹಗ್ಗವನ್ನು ಮತ್ತೆ ಇಳಿಸುವಷ್ಟರಲ್ಲಿ ಗಿರಣಿಯವನು ಸೊಂಟದವರೆಗೆ ಮಣ್ಣಿನಲ್ಲಿದ್ದ. ಅವನನ್ನು ಎಳೆಯಲು ಡ್ರೈವರ್, ಸೊಸೆ, ಮೇಸ್ತ್ರಿಯ ಹೆಂಡತಿ ಕೂಡ ಕೈ ಹಾಕಿದರು.

ಅವನು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಬಾವಿಯ ಎರಡನೇ ಬದಿಯೂ ಕುಸಿಯಿತು. ಅಗ್ನಿಶಾಮಕ ವಾಹನ ಬಂದಾಗ ಅದಕ್ಕೆ ಓಣಿಯ ಕುರ್ಚಿಗಳು ಅಡ್ಡವಾಗಿದ್ದವು.

ಮೇಸ್ತ್ರಿಯ ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಪ್ರಜ್ಞೆ ಇತ್ತು. ಆಂಬುಲೆನ್ಸ್‌ಗೆ ಹತ್ತಿಸುವಾಗ ಅಜ್ಜಿ ಹೋಗಿ ಬಾಗಿಲ ಬಳಿ ನಿಂತರು. "ನಾನೂ ಬರ್ತೀನಮ್ಮ," ಎಂದರು.

ಮೇಸ್ತ್ರಿಯ ಹೆಂಡತಿ ಒಳಗಿನಿಂದ ಅವರನ್ನು ನೋಡಿದಳು. "ಹಗ್ಗ ಕೇಳಿದ ಕೂಡಲೇ ನಿಜ ಹೇಳಿದ್ರೆ ಆಗಲೇ ಲಾರಿ ಹುಡುಕಬಹುದಿತ್ತು ಅಲ್ವಾ?"

"ಹೌದು," ಎಂದರು ಅಜ್ಜಿ.

"ಹಾಗಿದ್ರೆ ಈಗ ಬರಬೇಡಿ. ಆಮೇಲೆ ಬನ್ನಿ."

ಬಾಗಿಲು ಮುಚ್ಚಿತು.

ಅಂದು ಸಂಜೆ ಅಜ್ಜಿ ಮ್ಯೂಸಿಯಂ ಸಮಿತಿಯವರನ್ನು ಕರೆಸಿ, ಹಗ್ಗ ಸುಟ್ಟದ್ದು, ನಕಲು ಮಾಡಿಸಿದ್ದು, ಬೋರ್ಡ್ ಬದಲಿಸಬೇಡ ಎಂದದ್ದು ತಾವೇ ಎಂದು ಹೇಳಿ ಅಧ್ಯಕ್ಷ ಸ್ಥಾನ ಬಿಟ್ಟರು. ಸೊಸೆಯ ಸಂಬಳ ಆ ತಿಂಗಳಿನಿಂದ ನಿಂತಿತು. ಹಾಲ್‌ನಲ್ಲಿ ಮುಕ್ಕಾಲಿ ಈಗ ಹಗ್ಗವಿಲ್ಲದೆ ನಿಂತಿದೆ. ಮರುವಾರ ಪುರಸಭೆಯವರು ಬಂದು ಬಾವಿಗೆ ಮಣ್ಣು ತುಂಬಿ ನೆಲ ಸಮ ಮಾಡಿದರು.